ಡ್ಯಾನ್ಯೂಬ್ ಸೇತುವೆ ಮತ್ತು 1809ರ ಆಸ್ಪರ್ನ್–ಎಸ್ಲಿಂಗ್ ಕದನ

ವಿಯೆನ್ನಾ ನಗರದ ಎದುರು ದಡದಲ್ಲಿ, ಆಸ್ಪರ್ನ್ ಮತ್ತು ಎಸ್ಲಿಂಗ್ ಎಂಬ ಎರಡು ಹಳ್ಳಿಗಳ ನಡುವಿನ ಬಯಲಿನಲ್ಲಿ 1809ರ ಮೇ 21 ಮತ್ತು 22ರಂದು ನಡೆದ ಕದನಕ್ಕೆ ಆಸ್ಟರ್ಲಿಟ್ಜ್ ಅಥವಾ ವಾಟರ್ಲೂವಿನಷ್ಟು ಪ್ರಸಿದ್ಧಿ ದೊರೆಯಲಿಲ್ಲ. ಆದರೆ ಚಕ್ರವರ್ತಿಯಾದ ಮೇಲೆ ನೆಪೋಲಿಯನ್ ತಾನೇ ಮುಂದೆ ನಿಂತು ನಡೆಸಿದ ಮಹಾಕದನವೊಂದರಲ್ಲಿ ನಿಸ್ಸಂದೇಹವಾಗಿ ಸೋತು ಹಿಂದೆ ಸರಿದದ್ದು ಇಲ್ಲಿಯೇ ಮೊದಲು. ಆ ಸೋಲಿನ ಮೂಲವನ್ನು ರಣರಂಗಕ್ಕಿಂತ ಹೆಚ್ಚಾಗಿ ಅದರ ಬೆನ್ನಿಗೆ ಹರಿಯುತ್ತಿದ್ದ ಡ್ಯಾನ್ಯೂಬ್ ನದಿಯಲ್ಲಿ ಹುಡುಕಬೇಕಾಗುತ್ತದೆ.

ಆ ವರ್ಷದ ಏಪ್ರಿಲ್‌ನಲ್ಲಿ ಬವೇರಿಯಾದ ಮೇಲೆ ದಂಡೆತ್ತಿ ಹೋದ ಆಸ್ಟ್ರಿಯನ್ನರನ್ನು ಸೋಲಿಸಿದ ನೆಪೋಲಿಯನ್, ಮೇ 13ರಂದು ವಿಯೆನ್ನಾವನ್ನು ವಶಪಡಿಸಿಕೊಂಡನಾದರೂ ಶತ್ರುವಿನ ಮುಖ್ಯ ಸೇನೆ ನದಿಯ ಉತ್ತರಕ್ಕೆ ಸುರಕ್ಷಿತವಾಗಿಯೇ ಇತ್ತು. 1805ರಲ್ಲಿ ಫ್ರೆಂಚ್ ಸೇನಾನಿಗಳಾದ ಮುರಾ ಮತ್ತು ಲಾನ್, ಕದನವಿರಾಮವಾಗಿದೆಯೆಂದು ನಂಬಿಸಿ ಇಲ್ಲಿನ ಸೇತುವೆಯನ್ನು ಗುಂಡು ಹಾರಿಸದೆಯೇ ಕಸಿದುಕೊಂಡಿದ್ದರು. ಆ ಕಹಿಯನ್ನು ಮರೆಯದ ಆಸ್ಟ್ರಿಯನ್ನರು ಈ ಬಾರಿ ಸೇತುವೆಗಳನ್ನು ನಾಶಮಾಡಿಯೇ ಹಿಂದೆ ಸರಿದಿದ್ದರು. ಆದ್ದರಿಂದ ಫ್ರೆಂಚರು ನಗರದ ಕೆಳಹರಿವಿನಲ್ಲಿ, ನದಿ ಹಲವು ಕವಲುಗಳಾಗಿ ಒಡೆಯುವ ಲೊಬಾವು ದ್ವೀಪದ ಬಳಿ ದೋಣಿಸೇತುವೆ, ಅಂದರೆ ಸಾಲಾಗಿ ಲಂಗರು ಹಾಕಿದ ದೋಣಿಗಳ ಮೇಲೆ ಹಲಗೆ ಹಾಸಿದ ತಾತ್ಕಾಲಿಕ ಸೇತುವೆ, ಕಟ್ಟಬೇಕಾಯಿತು.

ಆಲ್ಪ್ಸ್ ಪರ್ವತಗಳ ಹಿಮ ಕರಗಿ ನದಿ ಉಕ್ಕುತ್ತಿದ್ದ ಕಾಲವದು. ಆ ರಭಸವನ್ನೇ ಆಯುಧವಾಗಿಸಿಕೊಂಡ ಆಸ್ಟ್ರಿಯನ್ನರು, ಭಾರ ತುಂಬಿದ ದೋಣಿಗಳನ್ನೂ ಬೆಂಕಿ ಹಚ್ಚಿದ ದೋಣಿಗಳನ್ನೂ, ಪ್ರವಾಹದ ಬಲದಿಂದ ಕಾಳು ಬೀಸಲು ನದಿಯಲ್ಲಿಯೇ ತೇಲುವಂತೆ ಕಟ್ಟಿದ್ದ ಗಿರಣಿಗಳನ್ನೂ ಮೇಲಿನಿಂದ ಹರಿಯಬಿಟ್ಟರು. ಸೇತುವೆ ಮತ್ತೆ ಮತ್ತೆ ಮುರಿಯಿತು. ಮೊದಲ ದಿನ ಮಧ್ಯಾಹ್ನ ಆಸ್ಟ್ರಿಯದ ಸೇನಾಪತಿ ಆರ್ಚ್‌ಡ್ಯೂಕ್ ಚಾರ್ಲ್ಸ್ ಸುಮಾರು 95,000 ಸೈನಿಕರೊಂದಿಗೆ ಎರಗಿದಾಗ ಉತ್ತರ ದಡ ಸೇರಿದ್ದ ಫ್ರೆಂಚರ ಸಂಖ್ಯೆ ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚಿರಲಿಲ್ಲ. ಆಸ್ಪರ್ನ್‌ನ ಚರ್ಚು ಮತ್ತು ಸ್ಮಶಾನದ ಗೋಡೆಗಳು ಹಲವು ಬಾರಿ ಕೈಬದಲಾದವು. ಎಸ್ಲಿಂಗ್‌ನಲ್ಲಿ ದಪ್ಪ ಗೋಡೆಗಳ ಕಲ್ಲಿನ ಕಣಜವೊಂದು ಕೋಟೆಯಂತೆ ಆಸ್ಟ್ರಿಯನ್ ದಾಳಿಗಳನ್ನು ತಡೆಯಿತು. ನಡುವಿನ ಬಯಲಿನಲ್ಲಿ ಫ್ರೆಂಚ್ ಅಶ್ವದಳ ನುಗ್ಗಿದಾಗ, ಒತ್ತೊತ್ತಾಗಿ ನಿಂತ ಆಸ್ಟ್ರಿಯನ್ ಪದಾತಿ ದಳಗಳು ಚದುರದೆ ಅದನ್ನು ಎದುರಿಸಿದ್ದು, 1805ರ ಸೋಲಿನ ಬಳಿಕ ಚಾರ್ಲ್ಸ್ ಸೇನೆಯನ್ನು ಎಷ್ಟು ಶ್ರದ್ಧೆಯಿಂದ ತಿದ್ದಿದ್ದನೆಂಬುದಕ್ಕೆ ಅತ್ಯುತ್ತಮ ಸಾಕ್ಷಿ.

ಮರುದಿನ ಬೆಳಿಗ್ಗೆ ಲಾನ್ ಶತ್ರುವಿನ ಮಧ್ಯಭಾಗವನ್ನು ಭೇದಿಸುವ ಹಂತದಲ್ಲಿದ್ದಾಗಲೇ ಸೇತುವೆ ಮತ್ತೆ ಕೊಚ್ಚಿಹೋಗಿ, ಫ್ರೆಂಚ್ ಸೇನಾನಿ ದಾವೂನ ಸೈನ್ಯ ದಕ್ಷಿಣ ದಡದಲ್ಲಿಯೇ ಸಿಕ್ಕಿಕೊಂಡಿತು. ಮದ್ದುಗುಂಡಿನ ಪೂರೈಕೆಯೂ ನಿಂತಿತು. ದಾಳಿಯನ್ನು ಕೈಬಿಟ್ಟು ಲೊಬಾವು ದ್ವೀಪಕ್ಕೆ ಹಿಂದೆ ಸರಿಯುವುದಲ್ಲದೆ ಫ್ರೆಂಚರಿಗೆ ಬೇರೆ ದಾರಿಯಿರಲಿಲ್ಲ. ಅಂದು ಫಿರಂಗಿ ಗುಂಡಿಗೆ ಸಿಕ್ಕಿ ಕಾಲು ಕಳೆದುಕೊಂಡ ಲಾನ್ ಮೇ 31ರಂದು ತೀರಿಕೊಂಡನು. ನೆಪೋಲಿಯನ್ನನ ಮಾರ್ಷಲ್‌ಗಳಲ್ಲಿ, ಅಂದರೆ ಅತ್ಯುನ್ನತ ದರ್ಜೆಯ ದಂಡನಾಯಕರಲ್ಲಿ, ಯುದ್ಧದ ಗಾಯದಿಂದ ಸತ್ತವರಲ್ಲಿ ಅವನೇ ಮೊದಲಿಗ. ಎರಡೂ ಕಡೆ ಸತ್ತವರು, ಗಾಯಗೊಂಡವರು ತಲಾ 20,000ದಷ್ಟಿದ್ದರು. ಲೊಬಾವುವಿನಲ್ಲಿ ಆಹಾರವಿಲ್ಲದೆ ನರಳುತ್ತಿದ್ದ ಗಾಯಾಳುಗಳಿಗೆ ಶಸ್ತ್ರವೈದ್ಯ ಲಾರೇ ಕುದುರೆ ಮಾಂಸದ ಸಾರು ಮಾಡಿಸಿ, ಉಪ್ಪಿಲ್ಲದ್ದಕ್ಕೆ ಕೋವಿಮದ್ದನ್ನೇ ಬೆರೆಸಿದನೆಂಬ ಸಂಗತಿ ಆ ದ್ವೀಪದ ದುಃಸ್ಥಿತಿಯನ್ನು ಯಾವ ಅಂಕಿಸಂಖ್ಯೆಗಿಂತಲೂ ಸ್ಪಷ್ಟವಾಗಿ ತಿಳಿಸುತ್ತದೆ.

ದ್ವೀಪದಲ್ಲಿ ಸಿಕ್ಕಿಬಿದ್ದ ಶತ್ರುವನ್ನು ಚಾರ್ಲ್ಸ್ ಬೆನ್ನಟ್ಟಲಿಲ್ಲ. ಅವನ ಸೇನೆಯೂ ಬಳಲಿತ್ತೆಂಬುದು ನಿಜವಾದರೂ, ಮುಂದಿನ ಆರು ವಾರಗಳನ್ನು ನೆಪೋಲಿಯನ್ನನಿಗೆ ಬಿಟ್ಟುಕೊಟ್ಟದ್ದು ಭಾರಿ ತಪ್ಪೇ ಸರಿ. ಆ ಅವಧಿಯಲ್ಲಿ ಫ್ರೆಂಚರು ನದಿಯ ತಳಕ್ಕೆ ಮರದ ಕಂಬಗಳನ್ನು ನಾಟಿ ಗಟ್ಟಿ ಸೇತುವೆಯನ್ನೂ, ತೇಲಿಬರುವ ವಸ್ತುಗಳನ್ನು ತಡೆಯಲು ಅದರ ಮೇಲ್ಹರಿವಿನಲ್ಲಿ ಕಂಬಗಳ ಬೇಲಿಯನ್ನೂ ನಿರ್ಮಿಸಿದರು. ಜುಲೈ 4ರ ರಾತ್ರಿ ಅವರು ದ್ವೀಪದಿಂದ ಉತ್ತರ ದಡಕ್ಕೆ ದಾಟತೊಡಗಿದಾಗ ಬೆನ್ನ ಹಿಂದಿನ ಸೇತುವೆ ಮುರಿಯಲಿಲ್ಲ. ಮುಂದಿನ ಎರಡು ದಿನ ವಾಗ್ರಾಂನಲ್ಲಿ ನಡೆದ ಕದನದಲ್ಲಿ ಚಾರ್ಲ್ಸ್ ಸೋತನು.