ಹಲ್ಲು

ಹಳಗನ್ನಡದ ‘ಪಲ್’, ಪಕಾರ ಹಕಾರವಾಗಿ ‘ಹಲ್ಲು’ ಆಯಿತು. ಗಡಿಯಾಚೆಯ ತಮಿಳಿನಲ್ಲಿ ಇಂದಿಗೂ ‘ಪಲ್’. ಬಾಚಣಿಗೆ, ಗರಗಸಗಳನ್ನು ದಾಟಿ ‘ಹಲ್ಲು’ ಚಾಮರಾಜನಗರ, ಗುಂಡ್ಲುಪೇಟೆಯ ಗ್ಯಾರೇಜಿಗೂ ಬಂದಿದೆ. ಹಳೆ ಬೈಕಿನ ಗೇರ್ ರಾಡು ಶಾಫ್ಟಿನ ಮೇಲೆ ಜಾರಿದರೆ ‘ಹಲ್ಲು ಸವ್ದೋಗದೆ’ ಎಂದರ್ಥ. ಸವೆದದ್ದು ರಾಡಿನ ಹಲ್ಲಾದರೆ ಹೊಸದು ಹಾಕಿ ಬೋಲ್ಟು ಬಿಗಿದರಾಯಿತು. ಶಾಫ್ಟಿನದಾದರೆ ಎಂಜಿನ್ನೇ ಬಿಚ್ಚಬೇಕಾದೀತು. ರಾಡನ್ನು ಶಾಫ್ಟಿಗೇ ವೆಲ್ಡಿಂಗ್ ಮಾಡಿಸುವುದು ಅಗ್ಗ ನಿಜ, ಆದರೆ ಮುಂದೆ ರಾಡು ಕಳಚಬೇಕೆಂದಾಗ ಅದರ ಬೆಲೆ ಗೊತ್ತಾಗುತ್ತದೆ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿಯಲ್ಲಂತೂ ಕಿಕ್ಕರ್ರೂ ಗೇರೂ ಒಂದೇ ರಾಡು: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರು. ಪಾಪ, ದುಡಿಮೆ ಎರಡು ಪಾಲು.