ಸಿದ್ದಾಪುರ ಸೀಮೆಯ ಮನೆಗಳಲ್ಲಿ ಕಲ್ಲಚ್ಚಿನ ಸ್ತ್ರೀಚಿತ್ರಗಳು

ಚಿತ್ರವೊಂದು ಅಪರೂಪವಾಗುವುದು ಎರಡು ಬಗೆಯಿಂದ. ಕೆಲವೇ ಪ್ರತಿಗಳನ್ನು ತೆಗೆದುದರಿಂದ ಅಪರೂಪವಾಗುವುದು ಒಂದು. ಸಾವಿರಗಟ್ಟಲೆ ಅಚ್ಚಾಗಿಯೂ ಯಾರೂ ಕಾಪಾಡದೆ ಅಪರೂಪವಾಗುವುದು ಇನ್ನೊಂದು. ಸಿದ್ದಾಪುರ ಸೀಮೆಯ ಹಳೆಯ ಮನೆಗಳ ಜಗಲಿಯಲ್ಲಿಯೂ ದೇವರ ಕೋಣೆಯಲ್ಲಿಯೂ ತೂಗುಹಾಕಿದ ಲಕ್ಷ್ಮಿ, ಸರಸ್ವತಿ, ಶಕುಂತಲೆಯರ ಕಲ್ಲಚ್ಚಿನ ಚಿತ್ರಗಳು ಎರಡನೆಯ ವರ್ಗಕ್ಕೆ ಸೇರುತ್ತವೆ. ಇತಿಹಾಸದ ಆಧಾರವಾಗಿ ಅವುಗಳ ಮಹತ್ತ್ವವೇನೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಕಲ್ಲಚ್ಚನ್ನು 18ನೆಯ ಶತಮಾನದ ಕೊನೆಯಲ್ಲಿ ಬವೇರಿಯದಲ್ಲಿ ಸೆನೆಫೆಲ್ಡರನು ಕಂಡುಹಿಡಿದನು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ನೀರು ಸವರಿ, ಶಾಯಿಯನ್ನು ಹಾಯಿಸಿದರೆ, ಬರೆದ ಭಾಗ ಮಾತ್ರ ಶಾಯಿಯನ್ನು ಹಿಡಿಯುತ್ತದೆ. ಬಹುವರ್ಣದ ಚಿತ್ರಕ್ಕೆ ಬಣ್ಣಕ್ಕೊಂದರಂತೆ ಕಲ್ಲುಗಳು ಬೇಕು. ಕನ್ನಡಿಗರಿಗೆ ಈ ವಿದ್ಯೆ ಬಹು ಹಿಂದೆಯೇ ಪರಿಚಿತ. 1843ರಲ್ಲಿ ಮೋಗ್ಲಿಂಗನು ಹೊರಡಿಸಿದ ‘ಮಂಗಳೂರು ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಮುದ್ರಿತವಾಯಿತು.

ಇದೇ ವಿದ್ಯೆಯು ಶತಮಾನದ ಕೊನೆಯ ದಶಕದಲ್ಲಿ ಎರಡು ದಿಕ್ಕುಗಳಲ್ಲಿ ಸ್ತ್ರೀಚಿತ್ರಣಕ್ಕೆ ಒದಗಿತು. ಪ್ಯಾರಿಸ್ಸಿನಲ್ಲಿ ಇಂಪ್ರೆಷನಿಸ್ಟ್ ಪಂಥದ ರೆನ್ವಾರನು, ಒಬ್ಬ ತರುಣಿ ಇನ್ನೊಬ್ಬಳ ಟೋಪಿಗೆ ಸೂಜಿ ಸಿಕ್ಕಿಸುತ್ತಿರುವ ದೃಶ್ಯವನ್ನು 1898ರ ಸುಮಾರಿಗೆ ಬಹುವರ್ಣದ ಕಲ್ಲಚ್ಚಿಗೆ ತಂದನು. ಅದನ್ನು ವೊಲ್ಲಾರ್ ಎಂಬ ಕಲಾವ್ಯಾಪಾರಿಯು ಸಂಗ್ರಾಹಕರಿಗಾಗಿ ಮಿತ ಸಂಖ್ಯೆಯಲ್ಲಿ ಪ್ರಕಟಿಸಿದನು. ಇತ್ತ ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಜರ್ಮನ್ ಯಂತ್ರಗಳೊಡನೆ ಮುದ್ರಣಾಲಯವನ್ನು ತೆರೆದನು. ಅಲ್ಲಿಂದ ಮೊದಲು ಹೊರಬಂದುದು ಶಕುಂತಲೆಯ ಜನನದ ಚಿತ್ರ. ತೈಲಚಿತ್ರಗಳನ್ನು ಕುಶಲಕರ್ಮಿಗಳು ಕಲ್ಲಿಗೆ ಇಳಿಸುತ್ತಿದ್ದರು. ಉದ್ದೇಶವು ಮನೆಮನೆಗೂ ಚಿತ್ರ ತಲುಪಬೇಕೆಂಬುದು.

1862ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ ಉತ್ತರ ಕನ್ನಡಕ್ಕೆ ಮುಂಬಯಿಯ ಪದಾರ್ಥಗಳು ಬರುವುದು ಸಹಜವಾಗಿತ್ತು. ಆದರೆ ಈ ಚಿತ್ರಗಳು ಬಂದು ಸೇರಿದುದು ಚಿತ್ರವಿಲ್ಲದ ನಾಡಿಗಲ್ಲ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚ ಹಿಡಿದು, ಮದುವೆಯ ಹಸೆಚಿತ್ತಾರವನ್ನು ಬರೆಯುವ ಸಂಪ್ರದಾಯ ಇಲ್ಲಿ ಬೇರೂರಿದೆ. ಹಸೆಯಲ್ಲಿ ಹೆಣ್ಣು ಬರೆಯುವವಳು. ಕಲ್ಲಚ್ಚಿನಲ್ಲಿ ಅವಳು ಬರೆಯಲ್ಪಟ್ಟವಳು. ಈ ಭೇದವು ಗಮನಾರ್ಹವಾದುದು.

ಹಾಗೆಂದು ಅಚ್ಚಿನ ಚಿತ್ರದ ಮುಂದೆ ಸ್ತ್ರೀಯು ಕೇವಲ ನೋಡುಗಳಾಗಿ ಉಳಿದಳೆನ್ನಲಾಗದು. ಅಚ್ಚಾದ ದೇವಿಯ ಸೀರೆಗೆ ಜರಿ, ಆಭರಣಕ್ಕೆ ಮಣಿ ಮತ್ತು ಚಮಕಿಗಳನ್ನು ಅಂಟಿಸಿ ಅಲಂಕರಿಸುವ ರೂಢಿ ದೇಶದ ಹಲವೆಡೆ ಬೆಳೆಯಿತು. ಹಾಗೆ ಅಲಂಕೃತವಾದ ಪ್ರತಿಯು ಯಂತ್ರದಿಂದ ಬಂದ ನಕಲಾಗಿ ಉಳಿಯದೆ, ಅದರಂತಹುದು ಇನ್ನೊಂದಿಲ್ಲದ ವಸ್ತುವಾಗುತ್ತದೆ. ಬರೆಹದ ದಾಖಲೆಗಳಲ್ಲಿ ಹೆಸರು ಕಾಣಿಸದ ಗೃಹಿಣಿಯ ಅಭಿರುಚಿಗೆ ಇದಕ್ಕಿಂತ ನೇರವಾದ ಸಾಕ್ಷ್ಯ ದೊರೆಯುವುದು ದುರ್ಲಭ.

ಈ ಸಾಕ್ಷ್ಯವು ಈಗ ಅಪಾಯದಲ್ಲಿದೆ. ಮುದ್ರಣಾಲಯವು ಮುಂಬಯಿಯಿಂದ ಲೋನಾವಳಾದ ಸಮೀಪದ ಮಳವಲಿಗೆ ಹೋಗಿ, ಷ್ಲೈಖರನೆಂಬ ಜರ್ಮನ್ ತಜ್ಞನ ಕೈಸೇರಿ, ಕಡೆಗೆ 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಆದುದರಿಂದ ಮನೆಗಳಲ್ಲಿ ಉಳಿದ ಪ್ರತಿಗಳ ಬೆಲೆ ಹೆಚ್ಚಿದೆ. ಚಿತ್ರದ ಕೆಳ ಅಂಚಿನಲ್ಲಿ ಮುದ್ರಣಾಲಯದ ಹೆಸರೂ ಊರೂ ಅಚ್ಚಾಗಿದ್ದರೆ ಅದರ ಕಾಲವನ್ನು ಸ್ಥೂಲವಾಗಿ ನಿರ್ಣಯಿಸಬಹುದು: ಮುಂಬಯಿಯ ಹೆಸರಿದ್ದರೆ ಸ್ಥಳಾಂತರಕ್ಕೆ ಮೊದಲಿನದು, ಕಾರ್ಲಾ–ಲೋನಾವಳಾ ಎಂದಿದ್ದರೆ ಅನಂತರದ್ದು. ಹೊಸ ಚೌಕಟ್ಟು ಹಾಕಿಸುವಾಗ ಮೊದಲು ಕತ್ತರಿಗೆ ಸಿಕ್ಕುವುದು ಈ ಅಂಚೇ. ಮಾಸಿದ ಜರಿಯನ್ನು ಕಿತ್ತು ಶುಚಿಗೊಳಿಸುವವರೂ ಉಂಟು.

ಆದಕಾರಣ ಶಾಸನ, ಓಲೆಗರಿಗಳನ್ನು ಅರಸುತ್ತ ಮನೆಗಳಿಗೆ ಹೋಗುವ ವಿದ್ಯಾರ್ಥಿಗಳು ಗೋಡೆಯತ್ತಲೂ ಕಣ್ಣೆತ್ತಿ ನೋಡಬೇಕೆಂದು ನಾವು ಬಯಸುತ್ತೇವೆ. ಚಿತ್ರವನ್ನು ಅಲ್ಲಿಂದ ತೆಗೆದುತರಬೇಕಾಗಿಲ್ಲ. ಅಂಚಿನ ಅಕ್ಷರ, ಅಲಂಕಾರದ ವಿವರ, ತೂಗುಹಾಕಿದ ಸ್ಥಳ, ಅದನ್ನು ತಂದವರ ಕುರಿತು ಮನೆಯ ಹಿರಿಯ ಹೆಂಗಸರು ಹೇಳುವ ಮಾತು, ಇವಿಷ್ಟನ್ನು ಬರೆದುಕೊಂಡರೆ ಸಾಕು. ಪ್ಯಾರಿಸ್ಸಿನ ಚಿತ್ರವನ್ನು ಕಾಯಲು ವಸ್ತುಸಂಗ್ರಹಾಲಯಗಳಿವೆ. ಸಿದ್ದಾಪುರದ ಚಿತ್ರವನ್ನು ಕಾಯಬೇಕಾದವರು ನಾವೇ.