ನಮ್ಮ ಊರಿನ ಇಂಟರ್ನೆಟ್‌ಗೆ ಅರ್ಜಿ ಹಾಕೋರು ಯಾರು?

ಮಲ್ಲಸಮುದ್ರದಿಂದ ಮಾತಾಡ್ತಾ ಇದೀನಿ. ಗದಗ ಶಹರದ ಮಗ್ಗುಲಲ್ಲೇ ಇರೋ ಊರು ನಮ್ದು. ಇವತ್ತಿನ ಎಪಿಸೋಡ್ ಇತಿಹಾಸದ ಮೇಲೆ. ಆದ್ರೆ ರಾಜ-ಮಹಾರಾಜರ ಇತಿಹಾಸ ಅಲ್ಲ, ದುಡ್ಡಿನ ಇತಿಹಾಸ. ಹಳ್ಳಿಗೆ ಫೋನು, ಇಂಟರ್ನೆಟ್ ತರೋಕೆ ಅಂತ ಸರ್ಕಾರ ಇಟ್ಟ ದುಡ್ಡು ಎಲ್ಲಿಂದ ಬಂತು, ಯಾರ ಕೈಗೆ ಹೋಯ್ತು, ಅದಕ್ಕೆ ಅರ್ಜಿ ಹಾಕೋ ಹಕ್ಕು ಯಾರಿಗಿತ್ತು ಅನ್ನೋದರ ಕಥೆ.

ಬಿ.ಕಾಂ ಓದಿದವನು ನಾನು. ಅದಕ್ಕೆ ಮೊದಲು ಒಂದು ಲೆಕ್ಕ ಮಾಡಿಬಿಡೋಣ. ನೀವು 299 ರೂಪಾಯಿ ರೀಚಾರ್ಜ್ ಮಾಡಿಸ್ತೀರಿ ಅಂದ್ಕೊಳ್ಳಿ. ಅದರಲ್ಲಿ 18% ಜಿಎಸ್‌ಟಿ ತೆಗೆದರೆ ಕಂಪನಿಗೆ ಉಳಿಯೋದು ಸುಮಾರು 253 ರೂಪಾಯಿ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ 5% ಅನ್ನು ಹಳ್ಳಿಗಳ ಸಂಪರ್ಕಕ್ಕೆ ಅಂತ ಸರ್ಕಾರಕ್ಕೆ ಕಟ್ಟಬೇಕು. 253ರ 5% ಅಂದ್ರೆ ಹತ್ತಿರ ಹತ್ತಿರ 12 ರೂಪಾಯಿ 60 ಪೈಸೆ. ಕಂಪನಿಗಳಿಗೆ ಆದಾಯದಲ್ಲಿ ಕೆಲವು ಕಡಿತ ಸಿಗೋದ್ರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ ಇರುತ್ತೆ. ಕಟ್ಟೋದು ಕಂಪನಿ ಹೆಸರಲ್ಲಿ, ಆದ್ರೆ ಹೋಗೋದು ನಮ್ಮ ಕಿಸೆಯಿಂದಲೇ. ಬೆಂಗಳೂರಲ್ಲಿ ರೀಚಾರ್ಜ್ ಮಾಡಿಸಿದವರೂ ಕೊಡ್ತಾರೆ, ಟೆರೇಸ್ ಹತ್ತಿ ಸಿಗ್ನಲ್ ಹುಡುಕೋ ಮುಂಡರಗಿ ಕಡೆಯ ಹುಡುಗನೂ ಕೊಡ್ತಾನೆ.

ಈ ಲೆಕ್ಕ ನೆನಪಲ್ಲಿ ಇಟ್ಕೊಳ್ಳಿ. ಈಗ 120 ವರ್ಷ ಹಿಂದಕ್ಕೆ, ನಮ್ಮ ಪಕ್ಕದ ಊರಿಗೇ ಹೋಗೋಣ.

ಗದಗ ತಾಲ್ಲೂಕಿನ ಕಣಗಿನಹಾಳ. ವರ್ಷ 1905. ಆಗ ನಮ್ಮ ಭಾಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಬಿತ್ತನೆ ಹೊತ್ತಿಗೆ ರೈತನಿಗೆ ದುಡ್ಡು ಬೇಕು, ಅದು ಸಿಗೋದು ಸಾಹುಕಾರನ ಹತ್ತಿರ, ಬಡ್ಡಿ ಎಷ್ಟು ಅಂತ ಹೇಳೋನೂ ಸಾಹುಕಾರನೇ. ಅದರ ಹಿಂದಿನ ವರ್ಷ, 1904ರಲ್ಲಿ, ಬ್ರಿಟಿಷ್ ಸರ್ಕಾರ ಸಹಕಾರಿ ಸಾಲ ಸಂಘಗಳ ಕಾಯ್ದೆ ತಂದಿತ್ತು. ಆ ಕಾಯ್ದೆ ಹಿಡ್ಕೊಂಡು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಸಹಕಾರಿ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೇದು ಅಂತ ನಮ್ಮ ಕಡೆ ಎದೆ ಉಬ್ಬಿಸಿ ಹೇಳ್ತಾರೆ. ಶಾಲೇಲಿ ಒಂದು ಅಂಕದ ಪ್ರಶ್ನೆಗೆ ನಾವೆಲ್ಲಾ ಬಾಯಿಪಾಠ ಮಾಡಿದ್ದೂ ಇದನ್ನೇ.

ಬಾಯಿಪಾಠದಲ್ಲಿ ಬಿಟ್ಟುಹೋದದ್ದು ಆ ಕಾಯ್ದೆಯ ಒಳಗಿನ ಮಾತು. ಒಂದೇ ಊರಿನ, 18 ವರ್ಷ ತುಂಬಿದ 10 ಜನ ಸೇರಿದರೆ ಸಾಕು, ಸಂಘ ನೋಂದಾಯಿಸಬಹುದಿತ್ತು. ಹಳ್ಳಿಯ ಸಂಘ ಅನ್ನಿಸ್ಕೋಬೇಕಾದ್ರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಕೃಷಿಕರಾಗಿರಬೇಕು. ಹೊಣೆ ಮಾತ್ರ ಅನಿಯಮಿತ. ಅಂದ್ರೆ ಒಬ್ಬ ಸಾಲ ಮುಳುಗಿಸಿದರೆ ಉಳಿದವರೆಲ್ಲಾ ಜವಾಬ್ದಾರರು. ಕೇಳೋಕೆ ಭಯ ಆಗುತ್ತೆ ಅಲ್ವಾ? ಆದ್ರೆ ಇದರಿಂದ ಏನಾಯ್ತು ನೋಡಿ. ಒಬ್ಬೊಬ್ಬನೇ ಹೋಗಿ ಕೈಚಾಚಿದರೆ ಯಾರೂ ನಂಬದ ರೈತ, 10 ಜನರ ಜೊತೆ ಸೇರಿ ಒಂದು ಹೆಸರು, ಒಂದು ನೋಂದಣಿ ಸಂಖ್ಯೆ, ಒಂದು ಲೆಕ್ಕದ ಪುಸ್ತಕ ಪಡೆದ. ಊರು ಅನ್ನೋದು ಕಾಗದದ ಮೇಲೆ ಒಬ್ಬ ಅರ್ಜಿದಾರ ಆಯ್ತು.

ಬೇಡೋದು ಬೇರೆ, ಬೇಡಿಕೆ ಇಡೋದು ಬೇರೆ. ಕಣಗಿನಹಾಳದಲ್ಲಿ ಆಗಿದ್ದು ಎರಡನೇದು.

ಈಗ ಫೋನಿನ ಕಥೆಗೆ ಬರೋಣ. 1885ರ ಟೆಲಿಗ್ರಾಫ್ ಕಾಯ್ದೆ ಪ್ರಕಾರ ತಂತಿ, ಫೋನು ಎಲ್ಲಾ ಸರ್ಕಾರದ ಏಕಸ್ವಾಮ್ಯ. ಊರಿನವರು ಸೇರಿ ಸಾಲದ ಸಂಘ ಕಟ್ಟಬಹುದಿತ್ತು, ಫೋನಿನ ಸಂಘ ಕಟ್ಟೋ ಹಾಗಿರಲಿಲ್ಲ. ನಮ್ಮ ಕಾಕಾ ಈಗಲೂ ಹೇಳ್ತಾರೆ: "ಟ್ರಂಕ್ ಕಾಲ್ ಬುಕ್ ಮಾಡಿ, ಮಿರ್ಚಿ ತಿಂದು, ಚಾ ಕುಡದು, ಮತ್ತ ಬಂದು ಕುಂದರಬೇಕಾಗ್ತಿತ್ತು. ಲೈನ್ ಸಿಕ್ಕರ ಪುಣ್ಯ."

ಸಮಸ್ಯೆ ತಂತಿಯದ್ದಷ್ಟೇ ಆಗಿರಲಿಲ್ಲ, ಎಕ್ಸ್‌ಚೇಂಜ್‌ನದ್ದೂ ಆಗಿತ್ತು. ವಿದೇಶದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್‌ಗಳಿಗೆ ಎಸಿ ಬೇಕು, ನಿಂತು ಹೋಗದ ಕರೆಂಟ್ ಬೇಕು. ನಮ್ಮ ಹಳ್ಳಿಗಳಲ್ಲಿ ಎರಡೂ ಇಲ್ಲ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಸಿ-ಡಾಟ್ ಅನ್ನೋ ಸಂಸ್ಥೆ ಶುರುವಾಯ್ತು. ಅಲ್ಲಿನ ನಮ್ಮದೇ ಎಂಜಿನಿಯರ್‌ಗಳು ಬಿಸಿಲು-ಧೂಳು ತಡ್ಕೊಳ್ಳೋ, ಎಸಿ ಬೇಡದ 128 ಲೈನಿನ ಚಿಕ್ಕ ಎಕ್ಸ್‌ಚೇಂಜ್ ಮಾಡಿದರು. ಅದನ್ನು ಮೊದಲು ಕೂರಿಸಿದ್ದು ಎಲ್ಲಿ ಗೊತ್ತಾ? 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ದೇಶದ ಹಳ್ಳಿಗಳಲ್ಲಿ ಆಮೇಲೆ ಎದ್ದ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳ ಕಥೆ ಈ ಚಿಕ್ಕ ಪೆಟ್ಟಿಗೆಯಿಂದ ಶುರುವಾಗುತ್ತೆ.

ಇಲ್ಲಿ ಒಂದು ವ್ಯತ್ಯಾಸ ಇದೆ. ಕಣಗಿನಹಾಳ ತಾನೇ ಮುಂದೆ ಬಂತು. ಕಿತ್ತೂರನ್ನು ಸರ್ಕಾರ ಆರಿಸಿತು. ಒಳ್ಳೇದೇ ಆಯ್ತು, ಆದ್ರೆ ಯಾವ ಊರಿಗೆ ಮೊದಲು, ಯಾವ ಊರಿಗೆ ಕೊನೆಗೆ ಅನ್ನೋದು ಊರಿನ ಕೈಯಲ್ಲಿ ಇರಲಿಲ್ಲ.

ಆಮೇಲೆ ಖಾಸಗಿ ಕಂಪನಿಗಳು ಬಂದವು. ಕಂಪನಿ ಲಾಭ ಇರೋ ಕಡೆ ಟವರ್ ಹಾಕುತ್ತೆ, ಅದು ತಪ್ಪೂ ಅಲ್ಲ. ಹಾಗಾದ್ರೆ ಲಾಭ ಇಲ್ಲದ ಹಳ್ಳಿಗೆ ಗತಿ ಏನು? 1999ರ ಹೊಸ ಟೆಲಿಕಾಂ ನೀತಿ ಇದಕ್ಕೊಂದು ದಾರಿ ಹುಡುಕಿತು: ಎಲ್ಲಾ ಕಂಪನಿಗಳಿಂದ ಒಂದು ಪಾಲು ತಗೊಂಡು ಒಂದು ನಿಧಿಗೆ ಹಾಕೋದು. ಅದೇ ಯುಎಸ್‌ಒ ನಿಧಿ, ಕನ್ನಡದಲ್ಲಿ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ. 2002ರ ಏಪ್ರಿಲ್ 1ರಿಂದ ಜಾರಿ, 2003ರಲ್ಲಿ ಟೆಲಿಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು ಕಾನೂನಿನ ಬಲ. ನಮ್ಮ ಆ 12 ರೂಪಾಯಿಯ ಮೂಲ ಇಲ್ಲಿದೆ.

ಕಾಮರ್ಸ್ ಓದಿದವರಿಗೆ ಇಲ್ಲಿ ಒಂದು ಸೂಕ್ಷ್ಮ ಕಾಣಿಸುತ್ತೆ. ಈ ದುಡ್ಡು ನೇರವಾಗಿ ನಿಧಿಗೆ ಬೀಳಲ್ಲ. ಮೊದಲು ಭಾರತದ ಸಂಚಿತ ನಿಧಿಗೆ, ಅಂದ್ರೆ ಕೇಂದ್ರ ಸರ್ಕಾರದ ದೊಡ್ಡ ಗಲ್ಲಾಪೆಟ್ಟಿಗೆಗೆ ಹೋಗುತ್ತೆ. ಆಮೇಲೆ ಸಂಸತ್ತು ಒಪ್ಪಿದಷ್ಟು ಮಾತ್ರ ಹಳ್ಳಿ ಕೆಲಸಕ್ಕೆ ಬರುತ್ತೆ. ಅದನ್ನು ಪಡ್ಕೊಳ್ಳೋರು ಯಾರು? ಲೈಸೆನ್ಸ್ ಇರೋ ಟೆಲಿಕಾಂ ಕಂಪನಿಗಳು. ಬಹುತೇಕ ಟೆಂಡರ್ ಮೂಲಕ, ಕೆಲವು ಸಲ ಸರ್ಕಾರಿ ಸಂಸ್ಥೆಗೆ ನೇರವಾಗಿ. ಉದಾಹರಣೆಗೆ 2009ರಲ್ಲಿ ಬಿಎಸ್‌ಎನ್‌ಎಲ್ ಜೊತೆ ಒಪ್ಪಂದ ಆಯ್ತು: ಹಳ್ಳಿಗಳಲ್ಲಿ 8,88,832 ವೈರ್‌ಲೈನ್ ಬ್ರಾಡ್‌ಬ್ಯಾಂಡ್ ಸಂಪರ್ಕ, 28,672 ಕಿಯೋಸ್ಕ್. ಹಳ್ಳಿಯ ಹೆಸರಲ್ಲಿ ದುಡ್ಡು, ಹಳ್ಳಿಯ ಹೆಸರಲ್ಲಿ ಯೋಜನೆ. ಅರ್ಜಿ ಹಾಕೋ ಜಾಗದಲ್ಲಿ ಮಾತ್ರ ಹಳ್ಳಿ ಇಲ್ಲ.

ಬೇರೆ ದೇಶದಲ್ಲಿ ಹೇಗಿತ್ತು? 1930ರ ದಶಕದ ಅಮೆರಿಕ ನೋಡಿ. ಪಟ್ಟಣಗಳಲ್ಲಿ ದೀಪ ಝಗಮಗ, ಹೊಲದ ಮನೆಗಳಲ್ಲಿ ಹತ್ತಕ್ಕೆ ಒಂದಕ್ಕೆ ಮಾತ್ರ ಕರೆಂಟ್. ಕಂಪನಿಗಳು ಲಾಭ ಇಲ್ಲ ಅಂದವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತ ಅಂತ ಶುರು ಮಾಡಿದರು, 1936ರಲ್ಲಿ ಕಾಯ್ದೆ ಬಂತು. ಸರ್ಕಾರದ ಸಾಲಕ್ಕೆ ಮುಂದೆ ಬಂದವರಲ್ಲಿ ಹೆಚ್ಚಿನವು ರೈತರೇ ಕಟ್ಟಿಕೊಂಡ ಸಹಕಾರಿ ಸಂಘಗಳು. ಆ ಸಂಘಗಳಲ್ಲಿ ಎಷ್ಟೋ ಈಗ ಅದೇ ಕಂಬಗಳ ಮೇಲೆ ಫೈಬರ್ ಎಳೀತಾ ಇವೆ. ಕಣಗಿನಹಾಳಕ್ಕೆ 1905ರಲ್ಲೇ ಗೊತ್ತಿದ್ದ ವಿದ್ಯೆ ಅಲ್ಲವೇ ಇದು?

ನಮ್ಮಲ್ಲಿ ದೊಡ್ಡ ಹೆಜ್ಜೆ ಬಿದ್ದಿದ್ದು 2011ರ ಅಕ್ಟೋಬರ್‌ನಲ್ಲಿ. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಮುಟ್ಟಿಸೋ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತು. ದುಡ್ಡು ಅದೇ ಯುಎಸ್‌ಒ ನಿಧಿಯದ್ದು. ಎರಡು ವರ್ಷದಲ್ಲಿ ಮುಗಿಸ್ತೀವಿ ಅಂದರು. ಮೊದಲ 1 ಲಕ್ಷ ಪಂಚಾಯಿತಿ ಮುಗಿಯುವಾಗ 2017ರ ಡಿಸೆಂಬರ್ ಬಂತು. ನಡುವೆ, 2015ರಲ್ಲಿ, ಹೆಸರು ಭಾರತ್‌ನೆಟ್ ಅಂತ ಬದಲಾಯ್ತು.

ತಡ ಆಗಿದ್ದಕ್ಕಿಂತ ದೊಡ್ಡ ತೊಂದರೆ ವಿನ್ಯಾಸದಲ್ಲಿತ್ತು. ತಾಲ್ಲೂಕಿನಿಂದ ಪಂಚಾಯಿತಿಗೆ ಕೇಬಲ್ ಹೋಗಿದ್ದು ಸರಪಳಿ ಥರ, ಒಂದರ ಹಿಂದೆ ಒಂದು. ರಸ್ತೆ ಅಗಲ ಮಾಡೋ ಜೆಸಿಬಿ ಒಂದು ಕಡೆ ಕೇಬಲ್ ಕಡಿದರೆ ಅದರಾಚೆಯ ಊರುಗಳೆಲ್ಲಾ ಕತ್ತಲು. ಇನ್ನೊಂದು, ಕೇಬಲ್ ನಿಂತಿದ್ದು ಪಂಚಾಯಿತಿ ಬಾಗಿಲಲ್ಲಿ. ಅಲ್ಲಿಂದ ಶಾಲೆಗೆ, ಆಸ್ಪತ್ರೆಗೆ, ಮನೆಗೆ ಒಯ್ಯೋದು ಯಾರು ಅನ್ನೋ ಪ್ರಶ್ನೆಗೆ ಗಟ್ಟಿ ಉತ್ತರ ಇರಲಿಲ್ಲ. ಗುಂಡಿ ತೋಡೋಕೆ ದುಡ್ಡಿತ್ತು, ತುಂಡಾದದ್ದನ್ನು ಜೋಡಿಸೋ ಮನುಷ್ಯ ಇರಲಿಲ್ಲ. ಈ ಪಾಡ್‌ಕಾಸ್ಟ್‌ನ 80 ಎಂಬಿ ಫೈಲ್ ಅಪ್‌ಲೋಡ್ ಮಾಡೋಕೆ ನಾನೇ ಎಷ್ಟೋ ಸಲ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ಕೊಂಡು ಗದಗಿಗೆ ಹೋಗಿದೀನಿ. ನನಗೆ ಒಂದು ಎಪಿಸೋಡ್ ತಡ ಆಗುತ್ತೆ, ಅಷ್ಟೇ. ಪರೀಕ್ಷೆಯ ಅರ್ಜಿಗೆ ಕೊನೇ ದಿನ ಕೂತಿರೋ ಹುಡುಗಿಗೆ ಒಂದು ವರ್ಷವೇ ಹೋಗುತ್ತೆ.

ಈಗ ಏನು ಬದಲಾಗಿದೆ? 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್‌ಗೆ ಒಪ್ಪಿಗೆ ಸಿಕ್ತು. ಸರಪಳಿ ಬಿಟ್ಟು ಉಂಗುರದ ವಿನ್ಯಾಸ. ಅಂದ್ರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಬರುತ್ತೆ. ಕಟ್ಟೋಕೆ 3 ವರ್ಷ, ನೋಡ್ಕೊಳ್ಳೋಕೆ 10 ವರ್ಷದ ಜವಾಬ್ದಾರಿ. ಹಳೇ ಯುಎಸ್‌ಒ ನಿಧಿ 2023ರ ಟೆಲಿಕಾಂ ಕಾಯ್ದೆಯಡಿ ಡಿಜಿಟಲ್ ಭಾರತ್ ನಿಧಿ ಆಯ್ತು, ಅದರ ನಿಯಮಗಳು 2024ರ ಆಗಸ್ಟ್ 30ರಂದು ಹೊರಬಂದವು.

ಆದ್ರೆ ನನ್ನ ಕಣ್ಣಿಗೆ ಬಿದ್ದಿದ್ದು ಪರಿಷ್ಕೃತ ಯೋಜನೆಯ ಒಂದೇ ಸಾಲು. ಪಂಚಾಯಿತಿ ಕೇಂದ್ರ ಅಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೆ ಫೈಬರ್ ಕೊಡೋದು "ಬೇಡಿಕೆ ಬಂದರೆ". ಹೌದು, ಬೇಡಿಕೆ ಬಂದರೆ. ಕೇಳದ ಊರಿಗೆ ಕೊಡದಿದ್ದರೂ ಯೋಜನೆ ತಪ್ಪಿದಂತೆ ಆಗಲ್ಲ.

ಹಾಗಾಗಿ ಈಗಿನ ಪ್ರಶ್ನೆ ದುಡ್ಡಿದೆಯಾ ಅನ್ನೋದಲ್ಲ. ನಮ್ಮ ಬೇಡಿಕೆ ಕಾಗದದ ಮೇಲೆ ಇದೆಯಾ ಅನ್ನೋದು. "ನೆಟ್ವರ್ಕ್ ಬರಂಗಿಲ್ಲೋ ಮಾರಾಯಾ" ಅಂತ ಕಟ್ಟೆ ಮೇಲೆ ಕೂತು ಬೈದರೆ ಅದು ಗೊಣಗಾಟ. ಅದೇ ಮಾತು ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಠರಾವಾಗಿ ಬಂದರೆ ದಾಖಲೆ.

ಠರಾವಿನಲ್ಲಿ ಏನಿರಬೇಕು? ಕಣಗಿನಹಾಳದ ಲೆಕ್ಕದ ಪುಸ್ತಕ ನೆನಪಿಸ್ಕೊಳ್ಳಿ. ಒಂದು, ಯಾರಿಗೆ ಬೇಕು: ಎಷ್ಟು ಮನೆ, ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರ, ಗ್ರಂಥಾಲಯ, ಹಾಲಿನ ಸಂಘ, ಹೆಸರು ಸಮೇತ. ಎರಡು, ತಿಂಗಳಿಗೆ ಎಷ್ಟು ಕಟ್ಟೋಕೆ ಅವರು ತಯಾರು. ಅನುದಾನ ಕೊಡೋರು ಮೊದಲು ನೋಡೋದೇ ಕಟ್ಟಿದ ಮೇಲೆ ಇದು ನಡೆಯುತ್ತಾ ಅಂತ. ಮೂರು, ಈಗಿರೋ ಕೇಬಲ್ ಎಲ್ಲಿಗೆ ನಿಂತಿದೆ, ಅಲ್ಲಿಂದ ನಿಮ್ಮ ಓಣಿಗೆ ಎಷ್ಟು ದೂರ. ನಾಲ್ಕು, ಕೆಟ್ಟರೆ ರಿಪೇರಿ ಮಾಡೋ ಹುಡುಗ ಅಥವಾ ಹುಡುಗಿ ಊರಲ್ಲೇ ಯಾರು.

ಚಿಕ್ಕ ದಾರಿಯೂ ಒಂದಿದೆ. 2020ರ ಡಿಸೆಂಬರ್‌ನಲ್ಲಿ ಪಿಎಂ-ವಾಣಿ ಅಂತ ಸಾರ್ವಜನಿಕ ವೈಫೈ ಯೋಜನೆ ಬಂತು. ಅದರಲ್ಲಿ ಕಿರಾಣಿ ಅಂಗಡಿಯವರೂ ವೈಫೈ ಮಾರಬಹುದು. ಲೈಸೆನ್ಸ್ ಬೇಡ, ಅದಕ್ಕೆ ಶುಲ್ಕವೂ ಇಲ್ಲ. ಆ ಅಂಗಡಿಯನ್ನು ಯೋಜನೆಯಲ್ಲಿ ಕರೆಯೋದು ಪಬ್ಲಿಕ್ ಡೇಟಾ ಆಫೀಸ್, ಅಂದ್ರೆ ಪಿಡಿಒ. ನಮಗೆ ಪಿಡಿಒ ಅಂದ್ರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಇಬ್ಬರು ಪಿಡಿಒಗಳೂ ಒಟ್ಟಿಗೆ ಕೂತು ಮಾತಾಡಿದರೆ ಎಷ್ಟೋ ಕೆಲಸ ಆಗುತ್ತೆ. ಪಂಚಾಯಿತಿಯ ಅನುದಾನವನ್ನೂ ಮರೀಬೇಡಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಅನುದಾನದಲ್ಲಿ 60% ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ 40% ಅನ್ನು, ಸಂಬಳ ಮತ್ತು ಕಚೇರಿ ಖರ್ಚು ಬಿಟ್ಟು, ಊರಿನ ಅಗತ್ಯ ನೋಡಿ ಬಳಸೋ ಅವಕಾಶ ಇತ್ತು. ಊರಿನ ಅಗತ್ಯ ಯಾವುದು ಅಂತ ಹೇಳೋ ಜಾಗ ಗ್ರಾಮಸಭೆಯೇ.

ಗದಗಿನ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಇದೆ. ಯೋಜನೆ ಬರೆಯೋದು, ಸಮೀಕ್ಷೆ ಮಾಡೋದು ಅಲ್ಲಿ ಪಾಠದ ವಿಷಯ. ಸುತ್ತಲಿನ ಊರುಗಳ ನಾವು ಅಲ್ಲಿ ಓದೋ ಗೆಳೆಯರನ್ನು ಒಂದು ಅರ್ಜಿಗೆ ಕೈಜೋಡಿಸಿ ಅಂತ ಕೇಳೋದರಲ್ಲಿ ತಪ್ಪೇನಿದೆ?

120 ವರ್ಷದ ಈ ಕಥೆಯಲ್ಲಿ ನನಗೆ ಕಂಡಿದ್ದು ಇಷ್ಟು. ಕಣಗಿನಹಾಳದವರು ಸಾಹುಕಾರ ಬದಲಾಗಲಿ ಅಂತ ಕಾಯಲಿಲ್ಲ. ಹೊಸ ಕಾಯ್ದೆಯಲ್ಲಿ ತಮಗೆ ಇದ್ದ ಜಾಗ ಹುಡುಕಿ, ಸಹಿ ಹಾಕಿದರು. ನಮ್ಮ ದುಡ್ಡು ಆಗಲೇ ನಿಧಿಗೆ ಹೋಗಿದೆ, ಪ್ರತಿ ರೀಚಾರ್ಜ್‌ಗೂ ಹೋಗ್ತಾನೇ ಇದೆ. ಹೋಗದೇ ಇರೋದು ನಮ್ಮ ಸಹಿ.

ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವಾಗ ಅಂತ ಒಮ್ಮೆ ವಿಚಾರಿಸಿ ನೋಡ್ರಿ. ಮುಂದಿನ ಎಪಿಸೋಡ್‌ನಾಗ ಮತ್ತ ಸಿಗೋಣು. ಬರ್ತೀನ್ರೀ.